ಫೋಟೊ ತೆಗೆದು ಬದುಕುವುದು ಹೇಗೆ?

“ಯಾವ ಕ್ಯಾಮೆರಾ ತಗೊಳ್ಳಲಿ?” ಫೋಟೊಗ್ರಫಿಗೆ ಇಳಿಯಬೇಕೆನ್ನುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ. ಉತ್ತರವನ್ನು ದುಡ್ಡಿನ ಲೆಕ್ಕದ ಸಮೇತ ಮುಂದೆ ಹೇಳುತ್ತೇನೆ. ಅದಕ್ಕೂ ಮುಂಚೆ ಒಂದು ಮಾತು ತೀರ್ಮಾನವಾಗಬೇಕು: ಏನನ್ನು ತೆಗೆಯುತ್ತೀರಿ? ಇದು ಗೊತ್ತಿಲ್ಲದೆ ಕೊಂಡ ಕ್ಯಾಮೆರಾ ಮೂರು ತಿಂಗಳಿಗೆ ಬೀರು ಸೇರುತ್ತದೆ.

ಹಂಪಿ, ಕಬಿನಿ, ಲಡಾಖ್ ಎಂದು ಹೊರಡಬೇಡಿ. ಮನೆಯಿಂದ ನಡೆದು ತಲುಪುವಷ್ಟು ದೂರದಲ್ಲಿ ಒಂದು ವಸ್ತು ಆರಿಸಿಕೊಳ್ಳಿ. ವಾರದ ಸಂತೆ, ಊರ ಕೆರೆ, ಬಸ್ ಸ್ಟ್ಯಾಂಡಿನ ಹೋಟೆಲು, ಕಮ್ಮಾರನ ಕುಲುಮೆ, ನಿಮ್ಮ ಅಜ್ಜಿಯ ದಿನಚರಿ, ಯಾವುದಾದರೂ ಸರಿ. ಅಲ್ಲಿಗೇ ಮತ್ತೆ ಮತ್ತೆ ಹೋಗಿ. ಮೊದಲ ಸಲ ಎಲ್ಲರಿಗೂ ಕಾಣುವುದೇ ನಿಮಗೂ ಕಾಣುತ್ತದೆ. ನಾಲ್ಕಾರು ಸಲ ಹೋದ ಮೇಲೆ ಜನ ಪೋಸು ಕೊಡುವುದನ್ನು ಬಿಡುತ್ತಾರೆ. ಯಾವ ಅಂಗಡಿಗೆ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆ ಎಂಬುದು ನಿಮಗೆ ತಿಳಿದಿರುತ್ತದೆ. ಸ್ಫೂರ್ತಿ ಬರುವುದು ಆಗಲೇ ಎಂದು ನನ್ನ ನಂಬಿಕೆ. ಕಾಯುತ್ತ ಕೂತವರಿಗೆ ಅದು ಬಂದದ್ದನ್ನು ನಾನು ಕಂಡಿಲ್ಲ.

ನಮ್ಮಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಫೋಟೊ ತೆಗೆಯುತ್ತಿದ್ದದ್ದು ಮೂಡಿಗೆರೆಯಲ್ಲಿ, ತಾವು ಬದುಕಿದ ಕಾಫಿ ತೋಟದ ಆಸುಪಾಸಿನಲ್ಲಿ. ಮೈಸೂರಿನ ಕೃಪಾಕರ–ಸೇನಾನಿ ಕಾಡುನಾಯಿಗಳ ಬೆನ್ನಿಗೆ ಬಿದ್ದು ವರ್ಷಗಳನ್ನೇ ಕಳೆದರು. ‘ಗ್ರೀನ್ ಆಸ್ಕರ್’ ಎಂದು ಹೆಸರಾದ ಪಾಂಡಾ ಪ್ರಶಸ್ತಿ ಅವರಿಗೆ ಬಂದದ್ದು ಆ ಕೆಲಸಕ್ಕೆ.

ವಸ್ತುವೇ ಹೊಳೆಯುತ್ತಿಲ್ಲವೇ? ಹಾಗಾದರೆ ಈ ಉಪಾಯ ಮಾಡಿ ನೋಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಫೋಟೊಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ ನಿಂತು ಮತ್ತೆ ಫೋಟೊ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಬಿದ್ದ ಗೋಡೆ, ಬೆಳೆದ ಮರ, ಕಾಣೆಯಾದ ಕಂಬ ಎಲ್ಲವೂ ತಾವೇ ಕಥೆ ಹೇಳುತ್ತವೆ. ನಿಮ್ಮ ಮನೆಯ ಹಳೆಯ ಆಲ್ಬಂ ತೆಗೆಯಿರಿ. ಮೂವತ್ತು ನಲವತ್ತು ವರ್ಷದ ಹಿಂದೆ ಬೀದಿಯಲ್ಲೋ ಹಿತ್ತಿಲಲ್ಲೋ ತೆಗೆದ ಚಿತ್ರ ಒಂದಾದರೂ ಸಿಗುತ್ತದೆ. ಅದೇ ಜಾಗಕ್ಕೆ ಹೋಗಿ, ಅದೇ ಕೋನದಲ್ಲಿ ನಿಂತು ತೆಗೆಯಿರಿ. ಹಿಂದಿನ ಫೋಟೊಗ್ರಾಫರ್ ಎಲ್ಲಿ, ಯಾವ ಎತ್ತರದಲ್ಲಿ, ಎಷ್ಟು ಹೊತ್ತಿಗೆ ನಿಂತಿದ್ದ ಎಂದು ಪತ್ತೆ ಹಚ್ಚುವಷ್ಟರಲ್ಲಿ ಅರ್ಧ ವಿದ್ಯೆ ಬಂದಿರುತ್ತದೆ.

ಈಗ ಬೆಳಕಿನ ವಿಷಯ. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರು ಗುರುದತ್ ಚಿತ್ರಗಳ ಛಾಯಾಗ್ರಾಹಕರು, ಫಾಲ್ಕೆ ಪ್ರಶಸ್ತಿ ಪಡೆದವರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಮೇಲಿಂದ ಇಳಿದು ಬರುವ ಆ ಪ್ರಸಿದ್ಧ ಬೆಳಕಿನ ಕೋಲನ್ನು ಅವರು ಮಾಡಿದ್ದು ಕನ್ನಡಿಗಳಿಂದ. ಹೊರಗಿನ ಬಿಸಿಲನ್ನು ಕನ್ನಡಿಗೆ ಬೀಳಿಸಿ ಸ್ಟುಡಿಯೊದ ಒಳಕ್ಕೆ ತಿರುಗಿಸಿದರು. ನಿಮ್ಮ ಮನೆಯಲ್ಲೂ ಒಂದು ಕನ್ನಡಿ, ಒಂದು ಕಿಟಕಿ ಇದ್ದೇ ಇರುತ್ತದೆ.

ಕಲಬುರಗಿ, ರಾಯಚೂರಿನ ಕಡೆಯವರು “ಹತ್ತು ಗಂಟೆಯ ಮೇಲೆ ಬಿಸಿಲು ಮುಖಕ್ಕೇ ಹೊಡೆಯುತ್ತದೆ” ಎನ್ನುತ್ತಾರೆ. ನಿಜ. ಆ ಹೊತ್ತಿನಲ್ಲಿ ಮನುಷ್ಯರನ್ನು ಬಯಲಲ್ಲಿ ನಿಲ್ಲಿಸಬೇಡಿ, ಜಗುಲಿಗೆ ಕರೆಯಿರಿ. ಬಾಗಿಲಿನಿಂದ ಬರುವ ಬೆಳಕು ಮುಖದ ಒಂದು ಪಕ್ಕದಿಂದ ಹರಿಯುವಂತೆ ಕೂರಿಸಿ. ಮಲೆನಾಡಿನವರಿಗೆ ಮಳೆಗಾಲದ ಮೋಡವೇ ವರ. ಬೆಳಕು ಎಲ್ಲ ಕಡೆಯಿಂದ ಸಮನಾಗಿ, ಮೆತ್ತಗೆ ಬೀಳುತ್ತದೆ.

ಕ್ಯಾಮೆರಾ ಈ ಬೆಳಕನ್ನು ಮೂರು ಬಗೆಯಲ್ಲಿ ಅಳೆದು ತೆಗೆದುಕೊಳ್ಳುತ್ತದೆ. ಅಪರ್ಚರ್ ಅಂದರೆ ಲೆನ್ಸಿನೊಳಗಿನ ಕಿಂಡಿ. ಎಫ್/1.8 ಎಂದರೆ ದೊಡ್ಡ ಕಿಂಡಿ, ಎಫ್/16 ಎಂದರೆ ಚಿಕ್ಕದು. ಸಂಖ್ಯೆ ಇಳಿದಷ್ಟೂ ಕಿಂಡಿ ಹಿಗ್ಗುತ್ತದೆ, ಇಲ್ಲಿ ಎಲ್ಲರೂ ಒಮ್ಮೆ ತಡವರಿಸುತ್ತಾರೆ. ಶಟರ್ ಸ್ಪೀಡ್ ಅಂದರೆ ಬೆಳಕು ಒಳಬರುವ ಅವಧಿ, ಅಂದರೆ ಸೆಕೆಂಡಿನ ಎಷ್ಟನೇ ಒಂದು ಪಾಲು ಎಂಬುದು. ಐಎಸ್‌ಒ ಅಂದರೆ ಬಂದ ಬೆಳಕಿನ ಸಂಕೇತವನ್ನು ಎಷ್ಟು ಹಿಗ್ಗಿಸಬೇಕು ಎಂಬ ಅಳತೆ.

ಇದನ್ನು ಓದಿ ಕಲಿಯುವುದು ಕಷ್ಟ. ಹಗಲು ಹೊತ್ತು ಕಿಟಕಿ ತೆರೆದು, ಸೀಲಿಂಗ್ ಫ್ಯಾನ್ ಹಾಕಿ. ಕ್ಯಾಮೆರಾದ ಡಯಲನ್ನು ‘ಎಂ’ಗೆ, ಅಂದರೆ ಎಲ್ಲವನ್ನೂ ನೀವೇ ತಿರುಗಿಸುವ ಮ್ಯಾನ್ಯುಯಲ್‌ಗೆ, ಇಡಿ. ಶಟರ್ 1/15ರಲ್ಲಿ ಒಂದು ಫೋಟೊ ತೆಗೆಯಿರಿ. ರೆಕ್ಕೆಗಳು ಕಲಸಿಹೋಗಿ ಒಂದು ತಟ್ಟೆಯಂತೆ ಕಾಣುತ್ತವೆ. ಈಗ ಬೇರೇನನ್ನೂ ಮುಟ್ಟದೆ ಶಟರನ್ನು 1/1000ಕ್ಕೆ ಒಯ್ಯಿರಿ. ಚಿತ್ರ ಬಹುತೇಕ ಕಪ್ಪಾಗುತ್ತದೆ, ಏಕೆಂದರೆ ಒಳಬಂದ ಬೆಳಕು ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿದಿದೆ. ಕಿಂಡಿಯನ್ನು ಪೂರ್ತಿ ತೆರೆಯಿರಿ, ಸ್ವಲ್ಪ ಬೆಳಗುತ್ತದೆ. ಐಎಸ್‌ಒ ಏರಿಸುತ್ತ ಹೋಗಿ. ರೆಕ್ಕೆಗಳು ನಿಂತಂತೆ ಕಾಣುತ್ತವೆ, ಆದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕೆಗಳು. ಇವಕ್ಕೆ ನಾಯ್ಸ್ ಎನ್ನುತ್ತಾರೆ. ಈ ಮೂರರ ಕೊಡುಕೊಳ್ಳುವಿಕೆ ಒಮ್ಮೆ ಕೈಗೆ ಹತ್ತಿದರೆ ಯಾವ ಕಂಪನಿಯ ಕ್ಯಾಮೆರಾ ಆದರೂ ನಡೆಯುತ್ತದೆ.

ಫೋನಿನಲ್ಲಿ ಆಗುವುದಿಲ್ಲವೇ? ಅನೇಕ ಫೋನುಗಳಲ್ಲಿ ‘ಪ್ರೊ’ ಎಂಬ ಆಯ್ಕೆಯಿದೆ. ಅಲ್ಲಿ ಶಟರ್, ಐಎಸ್‌ಒ ಎರಡನ್ನೂ ಬದಲಿಸಬಹುದು. ಕಿಂಡಿ ಮಾತ್ರ ಹೆಚ್ಚಿನವುಗಳಲ್ಲಿ ಬದಲಾಗದು. ಕಲಿಯಲು, ಸಂತೆಯ ಚಿತ್ರ ತೆಗೆಯಲು ಫೋನು ಧಾರಾಳವಾಗಿ ಸಾಕು. ದೂರದ ಹಕ್ಕಿಗೆ, ಬೆಳಕು ಕಡಿಮೆಯಿರುವ ಕಲ್ಯಾಣ ಮಂಟಪಕ್ಕೆ ಸಾಲದು.

ಇನ್ನು ಬೆಲೆ. ಇವು ಸುಮಾರಿನ ಲೆಕ್ಕಗಳು, ಅಂಗಡಿಯಲ್ಲಿ ವಿಚಾರಿಸಿಯೇ ಕೊಳ್ಳಿ. ಆರಂಭದ ಮಟ್ಟದ ಹೊಸ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ ಈಗಿನ ಬಗೆಯ ಕ್ಯಾಮೆರಾ, ಲೆನ್ಸ್ ಸಮೇತ 55ರಿಂದ 80 ಸಾವಿರ ರೂಪಾಯಿ. ಕನ್ನಡಿಯಿರುವ ಹಳೆಯ ಬಗೆಯದು ಡಿಎಸ್‌ಎಲ್‌ಆರ್. ಇದರಲ್ಲಿ ಹೊಸ ಮಾಡೆಲ್ ಬರುವುದು ಹೆಚ್ಚುಕಡಿಮೆ ನಿಂತಿದೆ. ಹಾಗಾಗಿ ಸೆಕೆಂಡ್‌ ಹ್ಯಾಂಡ್‌ನಲ್ಲಿ 15ರಿಂದ 30 ಸಾವಿರಕ್ಕೆ ಒಳ್ಳೆಯದೇ ಸಿಗುತ್ತದೆ. ಕಲಿಯುವವರಿಗೆ ನನ್ನ ಸಲಹೆ ಇದೇ. ಉಳಿದ ದುಡ್ಡಿನಲ್ಲಿ 50 ಎಂಎಂ ಎಫ್/1.8 ಲೆನ್ಸ್ ಕೊಳ್ಳಿ. ಅದರಲ್ಲಿ ಜೂಮ್ ಇಲ್ಲ. ನೀವೇ ಹಿಂದೆ ಮುಂದೆ ಓಡಾಡಬೇಕು, ಅದೇ ಅದರ ಉಪಕಾರ.

ಸೆಕೆಂಡ್‌ ಹ್ಯಾಂಡ್ ಕೊಳ್ಳುವಾಗ ಮೋಸ ಹೋಗದಿರಲು ಶಟರ್ ಕೌಂಟ್ ಕೇಳಿ. ಶಟರ್ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕ ಅದು. ಆರಂಭದ ಮಟ್ಟದ ಕ್ಯಾಮೆರಾಗಳ ಶಟರ್ ಸುಮಾರು ಒಂದು ಲಕ್ಷ ಸಲ ಬಾಳುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಬಹುದು. 20–30 ಸಾವಿರ ಆಗಿದ್ದರೆ ಧೈರ್ಯವಾಗಿ ಕೊಳ್ಳಿ, 80 ಸಾವಿರ ದಾಟಿದ್ದರೆ ಬೆಲೆ ಇಳಿಸಿ ಕೇಳಿ. ಎಫ್/16ರಲ್ಲಿ ಬಿಳಿ ಗೋಡೆಯ ಫೋಟೊ ತೆಗೆದು ನೋಡಿ. ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ ಬಂದರೆ ಸೆನ್ಸರ್ ಮೇಲೆ ಧೂಳಿದೆ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಫಂಗಸ್, ಅಂದರೆ ಬೂಷ್ಟು. ಆ ಲೆನ್ಸ್ ಬೇಡವೇ ಬೇಡ. ಬಿಲ್ ಕೇಳುವುದಕ್ಕೆ ಸಂಕೋಚ ಪಡಬೇಡಿ, ಕದ್ದ ಮಾಲೂ ಮಾರುಕಟ್ಟೆಗೆ ಬರುತ್ತದೆ.

ಕರಾವಳಿ, ಮಲೆನಾಡಿನಲ್ಲಿ ಈ ಬೂಷ್ಟೇ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾವನ್ನು ಬಟ್ಟೆಯ ಬ್ಯಾಗಿನಲ್ಲಿಟ್ಟರೆ ಮುಗಿಯಿತು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಹರಳುಗಳ ಜೊತೆ ಇಡಿ. ಡಬ್ಬಿಯೊಳಗಿನ ತೇವಾಂಶ ಶೇ 40–50ರ ಆಸುಪಾಸಿನಲ್ಲಿರಲಿ. ಅಳೆಯಲು ಪುಟ್ಟ ಮೀಟರ್ ಸಿಗುತ್ತದೆ.

ಫೋಟೊ ತಿದ್ದುವ ತಂತ್ರಾಂಶಕ್ಕೆ ಆರಂಭದಲ್ಲಿ ದುಡ್ಡು ಸುರಿಯಬೇಕಿಲ್ಲ. ಕಂಪ್ಯೂಟರಿಗೆ ಡಾರ್ಕ್‌ಟೇಬಲ್, ಫೋನಿಗೆ ಸ್ನ್ಯಾಪ್‌ಸೀಡ್, ಎರಡೂ ಉಚಿತ.

ಹೊಟ್ಟೆಪಾಡು? ನಮ್ಮ ನಾಡಿನಲ್ಲಿ ಈ ಕಸುಬಿಗೆ ಹೆಚ್ಚು ದುಡ್ಡು ಬರುವುದು ಮದುವೆಗಳಿಂದ. “ನಾನು ಕಲಾವಿದ, ಮದುವೆ ಫೋಟೊ ತೆಗೆಯುವುದಿಲ್ಲ” ಎಂದು ಕೆಲವರು ಮೂಗು ಮುರಿಯುತ್ತಾರೆ. ಮನೆಯಲ್ಲಿ ಬೇರೆ ಆದಾಯವಿದ್ದರೆ ಹಾಗೆನ್ನಬಹುದು. ಇಲ್ಲದವರು ಊರಿನ ಸ್ಟುಡಿಯೊ ಒಂದರಲ್ಲಿ ಒಂದು ಸೀಸನ್ ಸಹಾಯಕರಾಗಿ ಹೋಗಿ. ದಿನಗೂಲಿ ಕಡಿಮೆ, ಲೈಟು ಹಿಡಿಯುವ ಕೆಲಸ. ಆದರೆ ಶಾಸ್ತ್ರಗಳ ಕ್ರಮ ಅಲ್ಲೇ ಕಲಿಯಬೇಕು. ಜೀರಿಗೆ ಬೆಲ್ಲ ಇಡುವ ಗಳಿಗೆ, ಧಾರೆ, ಮಾಂಗಲ್ಯ ಯಾವುದನ್ನೂ “ಇನ್ನೊಂದ್ಸಲ ಮಾಡಿ” ಎನ್ನಲಾಗದು. ಕೊಡವರ ಮದುವೆಯಲ್ಲಿ ಪುರೋಹಿತರೇ ಇರುವುದಿಲ್ಲ, ಹಿರಿಯರೇ ನಡೆಸುತ್ತಾರೆ. ನಿಕಾಹ್‌ನ ಕ್ರಮ ಬೇರೆ, ಚರ್ಚಿನದು ಬೇರೆ. ಮುಂದೆ ಏನು ನಡೆಯುತ್ತದೆ ಎಂದು ಬಲ್ಲವನು ಮಾತ್ರ ಸರಿಯಾದ ಜಾಗದಲ್ಲಿ ಮೊದಲೇ ನಿಂತಿರುತ್ತಾನೆ. ಸ್ವಂತ ಆರ್ಡರ್ ಹಿಡಿಯುವ ಹೊತ್ತಿಗೆ ಎರಡು ಮೆಮೊರಿ ಕಾರ್ಡಿನಲ್ಲಿ ಒಟ್ಟಿಗೇ ಬರೆಯುವ ಕ್ಯಾಮೆರಾ ಬೇಕು. ಒಂದು ಕಾರ್ಡ್ ಕೈಕೊಟ್ಟರೆ ಮದುವೆಯನ್ನು ಮತ್ತೆ ಮಾಡಿಸಲು ಆಗುವುದಿಲ್ಲವಲ್ಲ.

ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಆರ್ಡರ್ ಹೆಚ್ಚುಕಡಿಮೆ ಇರುವುದಿಲ್ಲ. ಆ ದಿನಗಳನ್ನು ನಿಮ್ಮ ಸಂತೆಗೆ, ಕೆರೆಗೆ ಮೀಸಲಿಡಿ. ಖರ್ಚು ತೂಗಿಸಲು ಹೋಂಸ್ಟೇಗಳ ಫೋಟೊ, ಸೀರೆ ಅಂಗಡಿ, ಸಿರಿಧಾನ್ಯ ಮಾರುವವರ ಉತ್ಪನ್ನಗಳ ಫೋಟೊ, ಶಾಲೆಯ ಗ್ರೂಪ್ ಫೋಟೊ ಇವೆ.

ದರ ಹೇಳುವಾಗ ಹೊಸಬರು ಮದುವೆಯ ಎರಡು ದಿನವನ್ನಷ್ಟೇ ಲೆಕ್ಕ ಹಾಕುತ್ತಾರೆ. ಫೋಟೊ ಆಯ್ದು ತಿದ್ದುವುದಕ್ಕೆ ಅದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. ಆಲ್ಬಂ ಮುದ್ರಣ, ಸಹಾಯಕರ ಕೂಲಿ, ಪ್ರಯಾಣ ಎಲ್ಲ ಸೇರಿಸಿ ಹೇಳಿ, ಅಡ್ವಾನ್ಸ್ ತೆಗೆದುಕೊಳ್ಳಿ, ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿ. ಆ ಹಾಳೆ ಇನ್ನೊಂದು ಕಾರಣಕ್ಕೂ ಬೇಕು. ದುಡ್ಡು ಕೊಟ್ಟು ತೆಗೆಸಿದ ಫೋಟೊದ ಕಾಪಿರೈಟ್, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದೇ ಎಂದು 1957ರ ಕಾಪಿರೈಟ್ ಕಾಯಿದೆಯ 17ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಜಾಹೀರಾತಿಗೆ ಆ ಚಿತ್ರ ಬಳಸಬೇಕೆಂದಿದ್ದರೆ ಮೊದಲೇ ಬರೆಸಿಕೊಳ್ಳಬೇಕು.

ಸಣ್ಣ ಉದ್ಯಮವೆಂದು ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಲು ಶುಲ್ಕವಿಲ್ಲ. ದುಡ್ಡು ಕೇಳಿದರೆ ಅದು ನಕಲಿ ಜಾಲತಾಣ. ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50 ಸಾವಿರದವರೆಗೆ ಅಡಮಾನವಿಲ್ಲದ ಸಾಲವಿದೆ, ಬ್ಯಾಂಕಿನಲ್ಲೇ ಕೇಳಿ. ಇಂಥ ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಚಿಂತೆಯಿಲ್ಲ.

ಕಲಿಯುವುದು ಎಲ್ಲಿ? ಡಿಗ್ರಿಯೇ ಬೇಕೆಂದರೆ ಎನ್‌ಐಡಿಯ ಗಾಂಧಿನಗರ ಕ್ಯಾಂಪಸ್‌ನಲ್ಲಿ ಫೋಟೊಗ್ರಫಿ ಡಿಸೈನ್ ಸ್ನಾತಕೋತ್ತರ ಕೋರ್ಸ್ ಇದೆ. ಹೈದರಾಬಾದಿನ ಜವಾಹರಲಾಲ್ ನೆಹರೂ ವಾಸ್ತುಶಿಲ್ಪ ಮತ್ತು ಲಲಿತಕಲಾ ವಿಶ್ವವಿದ್ಯಾಲಯದಲ್ಲಿ ಪದವಿ ಇದೆ. ಸಿನಿಮಾ ಕಡೆ ಒಲವಿದ್ದರೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆ ನೋಡಿ. ಡಿಗ್ರಿ ಇಲ್ಲದೆಯೂ ಈ ಕಸುಬು ನಡೆಯುತ್ತದೆ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಹಳಬರು ಹೊಸಬರ ಚಿತ್ರ ನೋಡಿ ತಪ್ಪು ಹೇಳುವ ಇಂಥ ಕೂಟಗಳ ಬೆಲೆ ಯಾವ ಕೋರ್ಸಿಗೂ ಕಡಿಮೆಯಲ್ಲ. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ‘ಮ್ಯಾಪ್’, ಅಂದರೆ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂನಲ್ಲಿ ಹಳೆಯ ಪ್ರಿಂಟುಗಳನ್ನು ಹತ್ತಿರದಿಂದ ನೋಡಬಹುದು.

ಇಂಥ ಕಡೆಗೋ, ಕೆಲಸ ಕೇಳಿಕೊಂಡು ಸ್ಟುಡಿಯೊಗೋ ಹೋಗುವಾಗ ಫೋನಿನಲ್ಲಿ ಇನ್ನೂರು ಫೋಟೊ ಸರಿಸಿ ತೋರಿಸಬೇಡಿ. ಒಂದೇ ವಸ್ತುವಿನ ಹನ್ನೆರಡು ಚಿತ್ರಗಳನ್ನು ಪೋಸ್ಟ್‌ಕಾರ್ಡಿಗಿಂತ ಕೊಂಚ ದೊಡ್ಡದಾಗಿ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿ. ಕೆಲವು ನೂರು ರೂಪಾಯಿಯಲ್ಲಿ ಆಗುತ್ತದೆ. ಮೇಜಿನ ಮೇಲೆ ಹರಡಿ, ಯಾವುದನ್ನು ತೆಗೆದುಹಾಕಬೇಕು ಎಂದು ಅವರನ್ನೇ ಕೇಳಿ.