ಹೆಜ್ಜೆ ಯಾರದು, ಹೆಸರು ಯಾರಿಗೆ?

2019ರ ಸೆಪ್ಟೆಂಬರ್ 25. ಅಮೆರಿಕದ ಅಟ್ಲಾಂಟಾ ಪಕ್ಕದ ಫಯೆಟ್‌ವಿಲ್‌ನಲ್ಲಿ ಜಲಾಯಾ ಹಾರ್ಮನ್ ಎಂಬ ಹುಡುಗಿ ಶಾಲೆ ಬಿಟ್ಟು ಮನೆಗೆ ಬಂದವಳೇ ರಾಪರ್ ಕೆ ಕ್ಯಾಂಪ್‌ನ ‘ಲಾಟರಿ’ ಹಾಡಿಗೆ ಒಂದು ಕುಣಿತ ಕಟ್ಟಿದಳು; ಗೆಳತಿಯ ಜೊತೆ ಕ್ಯಾಮೆರಾ ಮುಂದೆ ಕುಣಿದಳು. ತೋಳನ್ನು ಅಲೆಯಾಗಿ ಹರಿಯಬಿಡುವುದು, ತಾಳ ಬಿದ್ದಲ್ಲಿ ತಟ್ಟನೆ ಬಿಗಿದು ನಿಲ್ಲುವುದು, ಮೊಣಕೈಯೊಳಗೆ ಮುಖ ಹುದುಗಿಸುವುದು. ಒಂದೊಂದೂ ಬೀದಿಯಲ್ಲಿ ಓಡಾಡುತ್ತಿದ್ದ ವರಸೆಯೇ. ಅವನ್ನು ಉಸಿರಿಗೂ ಬಿಡುವಿಲ್ಲದ ವೇಗದಲ್ಲಿ ಹೆಣೆದದ್ದು ಅವಳು.

ಇನ್‌ಸ್ಟಾಗ್ರಾಂನಲ್ಲಿದ್ದ ಕುಣಿತ ಅಕ್ಟೋಬರ್‌ನಲ್ಲಿ ಬೇರೊಬ್ಬರ ಮೂಲಕ ಟಿಕ್‌ಟಾಕ್‌ಗೆ ಹೋಯಿತು. ಅಲ್ಲಿ ಚಾರ್ಲಿ ಡಿಅಮೀಲಿಯೊ ಎಂಬ ಬಿಳಿಯ ಹುಡುಗಿ ಕುಣಿದ ಮೇಲೆ ಅದು ‘ರೆನೆಗೇಡ್’ ಎಂಬ ಹೆಸರಲ್ಲಿ ಮನೆಮಾತಾಯಿತು. ಕಟ್ಟಿದ ಕಪ್ಪು ಹುಡುಗಿಯ ಹೆಸರು ಎಲ್ಲೂ ಇಲ್ಲ. ಜಲಾಯಾ ಒಂದೊಂದೇ ವಿಡಿಯೊದ ಕೆಳಗೆ ಹೋಗಿ, ಇದು ನನ್ನದು, ನನ್ನನ್ನು ಟ್ಯಾಗ್ ಮಾಡಿ ಎಂದು ಕೇಳಿಕೊಂಡಳು. ಕೆಲವರು ನಕ್ಕರು, ಉಳಿದವರು ಓದಿ ಸುಮ್ಮನಾದರು. ಈ ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಲಕುವುದು ಇದೇ: ತನ್ನ ಕೆಲಸಕ್ಕೆ ತಾನೇ ಸಾಕ್ಷಿ ಹೇಳುತ್ತ ಮನೆ ಮನೆ ಬಾಗಿಲು ತಟ್ಟಿದ ಮಗು.

2020ರ ಫೆಬ್ರುವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಬರೆದ ಮೇಲೆ ಲೋಕ ತಿರುಗಿ ನೋಡಿತು. ಅದೇ ತಿಂಗಳು ಶಿಕಾಗೊದಲ್ಲಿ, ಎನ್‌ಬಿಎ ಆಲ್‌ಸ್ಟಾರ್ ಪಂದ್ಯದ ವೇಳೆ ಜಲಾಯಾ ಕುಣಿದಳು. ಚಾರ್ಲಿಯೂ ಅವಳ ಹೆಸರು ಹೇಳಿದಳು, ಜೊತೆಗೂ ಕುಣಿದಳು. ತಪ್ಪನ್ನು ಆ ಒಬ್ಬ ಹುಡುಗಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಜಾಲತಾಣಗಳ ಈ ಲೋಕದಲ್ಲಿ ಹೆಸರೆಂದರೆ ಬರೀ ಮರ್ಯಾದೆಯಲ್ಲ, ಅನ್ನ. ಹೆಸರಿದ್ದಲ್ಲಿ ಫಾಲೋವರ್‌ಗಳು, ಅವರಿದ್ದಲ್ಲಿ ಜಾಹೀರಾತು. ಕಾನೂನಿನ ಆಸರೆಯೂ ತೆಳು. ಅಮೆರಿಕದಲ್ಲಿ ನೃತ್ಯ ಸಂಯೋಜನೆಗೆ ಕಾಪಿರೈಟ್ ಉಂಟು, ನಾಲ್ಕಾರು ಹೆಜ್ಜೆಗಳ ತುಣುಕಿಗೆ ಸಿಗುವುದಿಲ್ಲ.

ಪಾಠ ಕಲಿತರೇ? 2021ರ ಮಾರ್ಚ್‌ನಲ್ಲಿ ಜಿಮ್ಮಿ ಫ್ಯಾಲನ್‌ನ ಟಿವಿ ಕಾರ್ಯಕ್ರಮದಲ್ಲಿ ಟಿಕ್‌ಟಾಕ್ ತಾರೆ ಅಡಿಸನ್ ರೇ ಎಂಟು ಟಿಕ್‌ಟಾಕ್ ಕುಣಿತಗಳನ್ನು ತೋರಿಸಿದಳು. ಅವನ್ನು ಕಟ್ಟಿದವರ ಹೆಸರು ವೇದಿಕೆಯಲ್ಲಿ ಕೇಳಲೇ ಇಲ್ಲ. ಟೀಕೆಯ ನಂತರವಷ್ಟೇ ಫ್ಯಾಲನ್ ಆ ಕುಣಿತ ಕಟ್ಟಿದವರನ್ನು ಕರೆಸಿದರು.

ಆ ಜೂನ್‌ನಲ್ಲಿ ರಾಪರ್ ಮೆಗನ್ ದಿ ಸ್ಟ್ಯಾಲಿಯನ್‌ಳ ಹೊಸ ಹಾಡು ಬಂತು. ಕುಣಿಯಲೆಂದೇ ಮಾಡಿದಂಥ ಹಾಡು. ಹೆಸರು ಸಿಗದೆ ಬೇಸತ್ತಿದ್ದ ಟಿಕ್‌ಟಾಕ್‌ನ ಕಪ್ಪು ಯುವಜನರು ಈ ಸಲ ಹೆಜ್ಜೆ ಕಟ್ಟುವುದಿಲ್ಲ ಎಂದು ಮುಷ್ಕರ ಹೂಡಿದರು. ಹಾಡೇನೋ ಓಡುತ್ತಲೇ ಇತ್ತು. ನಕಲು ಮಾಡಲು ಕುಣಿತವಿಲ್ಲದೆ, ಬೇರೆಯವರು ಕ್ಯಾಮೆರಾ ಮುಂದೆ ನಿಂತು ಸುಮ್ಮನೆ ಕೈ ಬೀಸುತ್ತಿದ್ದರು.