ಡ್ರೈವ್‌ಶಾಫ್ಟನ್ನು ಬಿಚ್ಚಿ ಜೋಡಿಸುವ ಬಗೆ

ಸ್ಟಿಯರಿಂಗನ್ನು ಪೂರ್ತಿಯಾಗಿ ಒಂದು ಕಡೆಗೆ ತಿರುಗಿಸಿ ಕಾರನ್ನು ಮೆಲ್ಲಗೆ ಬಿಟ್ಟಾಗ ಮುಂದಿನ ಚಕ್ರದ ಬಳಿ ‘ಟಕ್ ಟಕ್’ ಎಂದು ಸದ್ದಾಗುತ್ತದೆಯೆ? ಚಕ್ರದ ಒಳಮೈಗೆ ಕಪ್ಪು ಗ್ರೀಸು ಸಿಡಿದಿದೆಯೆ? ಹಾಗಿದ್ದರೆ ನಿಮ್ಮ ಕಾರಿನ ಡ್ರೈವ್‌ಶಾಫ್ಟನ್ನು ಪರೀಕ್ಷಿಸುವ ಕಾಲ ಬಂದಿದೆಯೆಂದು ತಿಳಿಯಿರಿ.

ಹಿಂದಿನ ಚಕ್ರಗಳ ಬಲದಿಂದ ಓಡುತ್ತಿದ್ದ ಅಂಬಾಸಿಡರಿನಲ್ಲಿ ಈ ತೊಡಕು ಇರಲಿಲ್ಲ. 1983ರಲ್ಲಿ ಬಂದ ಮಾರುತಿ 800 ಕಾರನ್ನು ಎಳೆಯುವುದು ಮುಂದಿನ ಚಕ್ರಗಳು. ಎಳೆಯುವ ಚಕ್ರವೇ ತಿರುವಿನಲ್ಲಿ ಹೊರಳಬೇಕು, ಹಳ್ಳದಿಣ್ಣೆಗಳಲ್ಲಿ ಏಳಬೇಕು, ಇಳಿಯಬೇಕು. ಆದಕಾರಣ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲವನ್ನು ಒಯ್ಯುವ ಈ ಉಕ್ಕಿನ ದಂಡಕ್ಕೆ ಎರಡು ತುದಿಗಳಲ್ಲಿಯೂ ಕೀಲುಗಳಿವೆ. ಚಕ್ರದ ಕಡೆಯ ಕೀಲಿನಲ್ಲಿ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳಿರುತ್ತವೆ. ಚಕ್ರ ಹೊರಳಿದರೂ ಅದರ ವೇಗ ಏರುಪೇರಾಗದಂತೆ ಇವು ನೋಡಿಕೊಳ್ಳುತ್ತವೆ. ಫೋರ್ಡ್ ಸಂಸ್ಥೆಯ ಎಂಜಿನಿಯರ್ ಆಲ್‌ಫ್ರೆಡ್ ಝೆಪ್ಪಾ 1920ರ ದಶಕದಲ್ಲಿ ಕಂಡುಹಿಡಿದ ಯುಕ್ತಿಯಿದು. ಕೀಲಿನ ಗ್ರೀಸನ್ನು ಕಾಯುವುದು ರಬ್ಬರಿನ ಬೂಟು. ಅದು ಹರಿದೊಡನೆ ಬದಲಿಸಿದರೆ ರಬ್ಬರಿನ ಖರ್ಚು. ಧೂಳು ನುಗ್ಗಿ ಸದ್ದು ಬರುವವರೆಗೆ ಕಾದರೆ ಕೀಲಿನ ಖರ್ಚು.

ಬಿಚ್ಚುವ ಕೆಲಸದಲ್ಲಿ ಬಲಕ್ಕಿಂತ ಕ್ರಮ ಮುಖ್ಯ. ಮೊದಲು ಗಾಡಿ ಸಮನಾದ ನೆಲದ ಮೇಲೆ ನಿಂತಿರುವಾಗಲೇ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಒಬ್ಬರಿಂದ ಬ್ರೇಕು ಒತ್ತಿಸಿ, ಚಕ್ರದ ನಡುವಣ ದೊಡ್ಡ ನಟ್ಟನ್ನು ಸಡಿಲಿಸಿರಿ. ಗಾಡಿಯನ್ನು ಎತ್ತಿದ ಮೇಲೆ ಈ ನಟ್ಟಿನೊಡನೆ ಗುದ್ದಾಡಿದರೆ ಗಾಡಿಯೇ ಜಾರಿ ಬೀಳಬಹುದು. ಜಾಕು ಎತ್ತುವುದಕ್ಕೆ ಮಾತ್ರ; ಭಾರವನ್ನು ಹೊರಬೇಕಾದುದು ಗಟ್ಟಿಯಾದ ಸ್ಟ್ಯಾಂಡುಗಳು. ಬರಿಯ ಜಾಕನ್ನು ನಂಬಿ ಗಾಡಿಯ ಕೆಳಗೆ ತಲೆಯಿಡುವುದು ಪ್ರಾಣಕ್ಕೆ ಅಪಾಯ.

ಅನಂತರ ಚಕ್ರವನ್ನು ತೆಗೆದು, ಗೇರ್ ಆಯಿಲನ್ನು ತಟ್ಟೆಗೆ ಇಳಿಸಿ, ಕೆಳಗಿನ ಬಾಲ್ ಜಾಯಿಂಟನ್ನು ಬಿಡಿಸಿರಿ. ಚಕ್ರದ ಹಬ್ಬನ್ನು ಹೊರಕ್ಕೆ ಸರಿಸಿದರೆ ಶಾಫ್ಟಿನ ಹೊರತುದಿ ಕಳಚುತ್ತದೆ. ಆಗ ಬ್ರೇಕಿನ ಕೊಳವೆ ಜಗ್ಗದಂತೆ ಎಚ್ಚರವಿರಲಿ. ಒಳತುದಿಯನ್ನು ಮಾತ್ರ ಶಾಫ್ಟ್ ಹಿಡಿದು ಎಳೆಯಬಾರದು. ಎಳೆದರೆ ಕೀಲು ಬೂಟಿನೊಳಗೇ ಬಿಚ್ಚಿಕೊಳ್ಳುತ್ತದೆ. ಗೇರ್‌ಬಾಕ್ಸಿಗೂ ಕೀಲಿನ ಬಟ್ಟಲಿಗೂ ನಡುವೆ ಸಬ್ಬಲನ್ನು ಕೊಟ್ಟು, ಆಯಿಲ್ ಸೀಲಿಗೆ ತಾಗದಂತೆ, ಮೆಲ್ಲಗೆ ಮೀಟಬೇಕು. ಕೆಲವು ಗಾಡಿಗಳಲ್ಲಿ ಎರಡು ಕಡೆಯ ಶಾಫ್ಟುಗಳನ್ನೂ ಒಟ್ಟಿಗೆ ತೆಗೆದರೆ ಗೇರ್‌ಬಾಕ್ಸಿನೊಳಗಿನ ಹಲ್ಲುಗಾಲಿಗಳು ಸ್ಥಾನ ತಪ್ಪುವುದುಂಟು. ಆದ್ದರಿಂದ ಒಂದು ಕಡೆಯ ಕೆಲಸ ಮುಗಿದ ಬಳಿಕವೇ ಇನ್ನೊಂದಕ್ಕೆ ಕೈಹಾಕಿರಿ. ಶಾಫ್ಟಿಲ್ಲದ ಹಬ್ಬಿನ ಮೇಲೆ ಗಾಡಿಯ ಭಾರವನ್ನು ಬಿಡಬೇಡಿ, ಬೇರಿಂಗು ಕೆಡುತ್ತದೆ.

ಜೋಡಿಸುವಾಗ ಇದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಒಳತುದಿಗೆ ಹೊಸ ಸರ್ಕ್ಲಿಪ್ ಹಾಕಿ, ಆಯಿಲ್ ಸೀಲಿನ ಅಂಚಿಗೆ ತುಸು ಎಣ್ಣೆ ಸವರಿ, ಶಾಫ್ಟನ್ನು ನೇರವಾಗಿ ತೂರಿಸಿರಿ. ಸರ್ಕ್ಲಿಪ್ ಕೂತಾಗ ಸಣ್ಣ ಸದ್ದಾಗುತ್ತದೆ. ಆದರೂ ಕೀಲಿನ ಬಟ್ಟಲನ್ನು ಹಿಡಿದು ಹಗುರವಾಗಿ ಎಳೆದು ನೋಡುವುದು ಮೇಲು. ಹೊರತುದಿಯನ್ನು ಹಬ್ಬಿಗೆ ಸೇರಿಸಿ, ಬಾಲ್ ಜಾಯಿಂಟನ್ನು ಭದ್ರಪಡಿಸಿ, ಹೊಸ ನಟ್ಟನ್ನು ಹಾಕಿರಿ. ಬ್ರೇಕು ಒತ್ತಿಸಿ ಅದನ್ನು ಚೆನ್ನಾಗಿ ಬಿಗಿದು, ಚಕ್ರ ಹಾಕಿದ ಮೇಲೆಯೇ ಗಾಡಿಯನ್ನು ನೆಲಕ್ಕಿಳಿಸಿರಿ. ಕಡೆಯ ಬಿಗಿತ ತೋಳಿನ ಅಂದಾಜಿನದಾಗಬಾರದು. ತಯಾರಕರ ಕೈಪಿಡಿ ಹೇಳುವ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿದು, ನಟ್ಟು ತಿರುಗದಂತೆ ಅದರ ಬೀಗವನ್ನು ಕೂರಿಸಬೇಕು. ಗೇರ್ ಆಯಿಲನ್ನು ಮತ್ತೆ ತುಂಬಲು ಮರೆಯಬೇಡಿ. ಎಣ್ಣೆಯಿಲ್ಲದೆ ಓಡಿದ ಗೇರ್‌ಬಾಕ್ಸು ಹೆಚ್ಚು ದೂರ ಓಡದು.

ಇಷ್ಟೆಲ್ಲ ಸಲಕರಣೆ ನಿಮ್ಮಲ್ಲಿಲ್ಲದಿದ್ದರೆ ಕೆಲಸವನ್ನು ನುರಿತ ಮೆಕ್ಯಾನಿಕರಿಗೇ ಒಪ್ಪಿಸಿರಿ. ಆದರೆ ತಿಂಗಳಿಗೊಮ್ಮೆ ಬಗ್ಗಿ ಬೂಟುಗಳನ್ನು ನೋಡುವ ಕೆಲಸ ನಿಮ್ಮದೇ. ಅದಕ್ಕೆ ಬೇಕಾದುದು ಒಂದು ಟಾರ್ಚು, ಎರಡು ನಿಮಿಷ.