ಬೆಣ್ಣೆ, ಮಂಡಕ್ಕಿ ಜೊತೆಯಾದ ಕಥೆ

‘ಎರಡೂ ಹೆಣ್ಣೇ ಅಜ್ಜಿ, ಅಂಗಡಿಯವರೇ ಹೇಳಿದ್ರು’ ಎನ್ನುತ್ತಾ ಮೊಮ್ಮಗಳು ರಟ್ಟಿನ ಪೆಟ್ಟಿಗೆ ತೆರೆದಳು. ಒಳಗೆ ಎರಡು ಬಿಳಿ ಮೊಲಗಳು. ಬೆಣ್ಣೆದೋಸೆಯ ಊರಲ್ಲವೇ, ಒಂದಕ್ಕೆ ಬೆಣ್ಣೆ, ಇನ್ನೊಂದಕ್ಕೆ ಮಂಡಕ್ಕಿ ಎಂದು ಹೆಸರಾಯಿತು. ಪಿ.ಜೆ. ಬಡಾವಣೆಯ ನಮ್ಮ ಮನೆಯ ಹಿತ್ತಿಲ ವರಾಂಡದಲ್ಲಿ ಎರಡೂ ಒಂದನ್ನೊಂದು ಬಿಟ್ಟಿರದೆ ಬೆಳೆದವು.

ಮನೆಗೆ ಬಂದ ನಾಲ್ಕನೇ ತಿಂಗಳು ಬೆಣ್ಣೆ ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಮೂಲೆಯಲ್ಲಿ ಹಾಸತೊಡಗಿತು. ಏನೋ ರೋಗ ಬಂತೆಂದು ಹೆದರಿದೆವು. ಮರುದಿನ ಬೆಳಿಗ್ಗೆ ನೋಡಿದರೆ ಆ ಹಾಸಿನೊಳಗೆ ಕೂದಲಿಲ್ಲದ, ಕಣ್ಣು ಬಿಡದ ಆರು ಮರಿಗಳು! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವಂತೆ ‘ಎರಡೂ ಹೆಣ್ಣು’ ಎಂದು ಸಾಧಿಸುತ್ತಿದ್ದ ಮೊಮ್ಮಗಳು ಸುಮ್ಮನಾದಳು. ಮಂಡಕ್ಕಿ ಗಂಡು.

ಪಶುವೈದ್ಯರಿಗೆ ಫೋನು ಮಾಡಿದರೆ ಅವರು ಹೇಳಿದ ಮೊದಲ ಮಾತು: ‘ಗಂಡನ್ನು ಈಗಲೇ ಬೇರೆ ಮಾಡಿ.’

ತಿಂಗಳಿಗೊಂದು ಬಾಣಂತನ

ಅವಸರಕ್ಕೆ ಕಾರಣವಿತ್ತು. ಮೊಲ ಗರ್ಭ ಧರಿಸಿ ಮರಿ ಹಾಕಲು ಬೇಕಾದದ್ದು 30ರಿಂದ 32 ದಿನ ಮಾತ್ರ. ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ಅದು ಮತ್ತೆ ಗರ್ಭ ಧರಿಸಬಲ್ಲದು. ನಾಯಿಗಿರುವಂತೆ ಅದಕ್ಕೆ ಬೆದೆಯ ಕಾಲವೂ ಇಲ್ಲ. ಗಂಡಿನ ಜೊತೆ ಸೇರಿದ ಮೇಲೆಯೇ ಅಂಡ ಬಿಡುಗಡೆಯಾಗುತ್ತದೆ.

ಈ ವೇಗ ಎಂಥದು ಎಂಬುದಕ್ಕೆ ಆಸ್ಟ್ರೇಲಿಯಾವೇ ಸಾಕ್ಷಿ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ಸುಮಾರು ಎರಡು ಡಜನ್ ಮೊಲಗಳನ್ನು ತರಿಸಿಕೊಂಡ. ಅವು ಹಬ್ಬಿ ಬೆಳೆ, ಹುಲ್ಲುಗಾವಲು ತಿಂದು ಮುಗಿಸಿದವು. ಕೊನೆಗೆ ದೇಶದ ಪಶ್ಚಿಮ ಭಾಗಕ್ಕೆ ಅವು ನುಗ್ಗದಂತೆ 1901ರಿಂದ 1907ರವರೆಗೆ 3,000 ಕಿ.ಮೀ.ಗೂ ಉದ್ದದ ಬೇಲಿ ಹಾಕಬೇಕಾಯಿತು.

ಕೊಂಡಜ್ಜಿ ಕಾಡಿಗೆ ಬಿಟ್ಟರೆ?

‘ಮರಿ ದೊಡ್ಡವಾದ ಮೇಲೆ ಕೊಂಡಜ್ಜಿ ಕಾಡಿಗೆ ಬಿಟ್ಟುಬಿಡಿ’ ಎಂದರು ಪಕ್ಕದ ಮನೆಯವರು. ಅವರ ಮನಸ್ಸು ಒಳ್ಳೆಯದೇ. ಆದರೆ ಕನ್ನಡದಲ್ಲಿ ನಾವು ಎರಡು ಬೇರೆ ಪ್ರಾಣಿಗಳಿಗೆ ‘ಮೊಲ’ ಎಂಬ ಒಂದೇ ಹೆಸರಿಟ್ಟಿದ್ದೇವೆ.

ನಮ್ಮ ಹೊಲ, ಕುರುಚಲು ಕಾಡುಗಳಲ್ಲಿ ಕಾಣುವ ಕಂದು ಮೊಲದ ಹಿಂಗತ್ತಿನಲ್ಲಿ ಕಪ್ಪು ಮಚ್ಚೆ ಇರುತ್ತದೆ. ಅದು ಬಿಲ ತೋಡುವುದಿಲ್ಲ. ಅದರ ಮರಿಗಳು ತುಪ್ಪಳದೊಂದಿಗೆ, ಕಣ್ಣು ತೆರೆದೇ ಹುಟ್ಟುತ್ತವೆ. ಅಜ್ಜ ಅಜ್ಜಿಯರು ಮಕ್ಕಳಿಗೆ ಹುಣ್ಣಿಮೆಯ ಚಂದ್ರನಲ್ಲಿ ತೋರಿಸುವ ಮೊಲ ಇದೇ. ಸಾಕು ಮೊಲದ ಮೂಲ ಯುರೋಪಿನ ಬಿಲವಾಸಿ ಮೊಲ. ಬಿಳಿ ಮೈಯ, ಮನೆಯಲ್ಲೇ ಬೆಳೆದ ಅದನ್ನು ಕಾಡಿಗೆ ಬಿಟ್ಟರೆ ನಾಯಿಗೋ ನರಿಗೋ ತುತ್ತಿಟ್ಟಂತೆ. ಕಾಡುಮೊಲವನ್ನು ಹಿಡಿದು ತಂದು ಸಾಕುವುದಂತೂ ಕಾನೂನಿನ ಪ್ರಕಾರ ಅಪರಾಧ.

ಹಾಗಾಗಿ ಆರು ಮರಿಗಳೂ ಎಂಟು ವಾರ ತಾಯಿಯ ಬಳಿಯೇ ಉಳಿದವು. ಆಮೇಲೆ ವೈದ್ಯರಿಂದ ಗಂಡು ಹೆಣ್ಣು ಗುರುತಿಸಿ, ಗೊತ್ತಿದ್ದ ಮನೆಗಳಿಗೆ ಕೊಟ್ಟೆವು.

ಒಂದಕ್ಕೆ ಆಪರೇಷನ್, ಸಾಕೇ?

ಮಂಡಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಗಂಡಿನದು ಸಣ್ಣ ಶಸ್ತ್ರಚಿಕಿತ್ಸೆ, ಹೆಣ್ಣಿನದು ಹೊಟ್ಟೆ ತೆರೆದು ಮಾಡುವಂಥದು. ಮೊಲ ವಾಂತಿ ಮಾಡಲಾರದು; ಆದ್ದರಿಂದ ನಾಯಿ, ಬೆಕ್ಕುಗಳಂತೆ ಹಿಂದಿನ ರಾತ್ರಿ ಅದನ್ನು ಉಪವಾಸ ಕೆಡವಬಾರದು. ಶಸ್ತ್ರಚಿಕಿತ್ಸೆಯ ನಂತರವೂ ಬೇಗ ತಿನ್ನತೊಡಗಬೇಕು.

ಮಗುವಿಗೆ ಅಂದೇ ಎರಡನ್ನೂ ಒಟ್ಟಿಗೆ ಬಿಡುವ ಆಸೆ. ಇಲ್ಲೇ ಬಹಳ ಜನ ಎಡವುವುದು. ಆಪರೇಷನ್ ಆದ ನಂತರವೂ ಗಂಡು ಮೊಲ ನಾಲ್ಕರಿಂದ ಆರು ವಾರ ಮರಿಗಳಿಗೆ ಕಾರಣವಾಗಬಲ್ಲದು. ಆರು ವಾರ ಎರಡೂ ಬೇರೆ ಬೇರೆ ಗೂಡಿನಲ್ಲೇ ಇರಬೇಕು. ಮುಖ ಕಾಣಬೇಕು, ವಾಸನೆ ಸಿಗಬೇಕು. ಆದರೆ ಗೂಡುಗಳ ನಡುವೆ ಒಂದು ಗೇಣು ಅಂತರವಿರಬೇಕು. ಒಂದೇ ಜಾಲರಿ ಇದ್ದರೆ ಮೂಗು ಕಚ್ಚಿಕೊಳ್ಳುವುದುಂಟು, ಜಾಲರಿಯ ಮೂಲಕವೇ ಕೂಡುವುದೂ ಉಂಟು. ಮೊಮ್ಮಗಳು ಕ್ಯಾಲೆಂಡರಿನಲ್ಲಿ ದಿನ ಗೀಚುತ್ತಾ ಕಾದಳು.

ಮರಿಗಳ ಚಿಂತೆ ಅಲ್ಲಿಗೆ ಮುಗಿಯಿತು. ಆದರೆ ಜಗಳದ ಚಿಂತೆ ಮುಗಿಯಲಿಲ್ಲ. ಆಪರೇಷನ್ ಆಗದ ಮೊಲದ ದೇಹದಲ್ಲಿ ಹಾರ್ಮೋನುಗಳು ಇದ್ದೇ ಇರುತ್ತವೆ. ಹೆಣ್ಣಾದರೆ ಜಾಗ ಕಾಯುತ್ತದೆ, ಗುರ್ ಎನ್ನುತ್ತದೆ, ಆಗಾಗ ಸುಳ್ಳು ಬಸಿರಾಗಿ ಎರಡು ವಾರಕ್ಕೂ ಹೆಚ್ಚು ಕಾಲ ಗೂಡು ಕಟ್ಟುತ್ತಾ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ತಿರುಗುಮುರುಗಾಗಿ ಹೆಣ್ಣಿಗೆ ಮಾತ್ರ ಆಪರೇಷನ್ ಆಗಿದ್ದರೆ, ಗಂಡು ಬೆನ್ನು ಹತ್ತಿ ಅದಕ್ಕೆ ವಿಶ್ರಾಂತಿಯನ್ನೇ ಕೊಡುವುದಿಲ್ಲ.

ಹತ್ತು ನಿಮಿಷದ ಭೇಟಿ

ಪರಿಚಯ ಮಾಡಿಸಲು ಎರಡಕ್ಕೂ ಸೇರದ ಜಾಗ ಬೇಕು. ನಾವು ಆರಿಸಿದ್ದು ಬಳಸದ ಬಚ್ಚಲುಮನೆ. ಜಾರದಂತೆ ಚಾಪೆ ಹಾಸಿ, ನಡುವೆ ಒಣಹುಲ್ಲು ಹರಡಿದೆವು. ನಮ್ಮೂರ ಬೇಸಿಗೆಯಲ್ಲಿ ಮಧ್ಯಾಹ್ನ ಬೇಡವೇ ಬೇಡ. ಮೊಲ ಬೆವರುವುದಿಲ್ಲ, ಮೈ ಕಾವನ್ನು ಹೆಚ್ಚಾಗಿ ಕಿವಿಗಳ ಮೂಲಕ ಹೊರಹಾಕುತ್ತದೆ. ಹಾಗಾಗಿ ಬೆಳಿಗ್ಗೆ ಹತ್ತೇ ನಿಮಿಷ.

ಮೊದಲ ದಿನ ಬೆಣ್ಣೆ ಕಚ್ಚಿತು, ಬಚ್ಚಲು ತುಂಬ ತುಪ್ಪಳ ಹಾರಿತು. ‘ಅದಕ್ಕೆ ಮಂಡಕ್ಕಿ ಮರೆತೇ ಹೋಗಿದೆ’ ಎಂದು ಮಗು ಅತ್ತಳು. ಮರೆತದ್ದು ನಿಜವೇ. ಇಷ್ಟು ದಿನ ಅಗಲಿದ್ದರೆ ಮೊಲಗಳು ಹೊಸಬರಂತೆಯೇ ನಡೆದುಕೊಳ್ಳುತ್ತವೆ. ದಿನವೂ ಒಂದರ ಹಾಸನ್ನು ಇನ್ನೊಂದರ ಗೂಡಿಗೆ ಹಾಕಿದೆವು. ಹತ್ತೊಂಬತ್ತನೇ ದಿನ ಮಂಡಕ್ಕಿ ತಲೆ ತಗ್ಗಿಸಿ ಕುಳಿತಿತು. ಬೆಣ್ಣೆ ಹತ್ತಿರ ಬಂದು ಅದರ ಹಣೆ ನೆಕ್ಕಿತು.

ಎರಡು ತಿಂಗಳು ಚೆನ್ನಾಗಿಯೇ ಇದ್ದವು. ಅಷ್ಟರಲ್ಲಿ ಬೆಣ್ಣೆಗೆ ಸುಳ್ಳು ಬಸಿರು. ಮತ್ತೆ ಜಗಳ, ಮತ್ತೆ ಬೇರೆ ಗೂಡು. ವಯಸ್ಸು ನಾಲ್ಕು ದಾಟಿದ, ಆಪರೇಷನ್ ಆಗದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಸಾಮಾನ್ಯವೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಖರ್ಚಿಗೆ ಹಿಂಜರಿದು ಮುಂದೂಡಿದ್ದವಳು ನಾನೇ. ಕೊನೆಗೆ ಬೆಣ್ಣೆಗೂ ಆಪರೇಷನ್ ಮಾಡಿಸಿದೆವು. ಗಾಯ ಮಾಯ್ದ ಮೇಲೆ ಮತ್ತೆ ಹತ್ತು ನಿಮಿಷದಿಂದಲೇ ಪಾಠ ಶುರು. ಈ ಸಲ ಹೆಚ್ಚು ದಿನ ಹಿಡಿಯಲಿಲ್ಲ. ಈಗ ಎರಡೂ ವರಾಂಡದಲ್ಲಿ ಮೈಗೆ ಮೈ ತಾಗಿಸಿ ಮಲಗುತ್ತವೆ.

ನೆನಪಿರಲಿ

* ಮೊಲ ತಂದ ವಾರವೇ ಪಶುವೈದ್ಯರಿಂದ ಗಂಡೋ ಹೆಣ್ಣೋ ಎಂದು ನೋಡಿಸಿ.
* ಮೊಲದ ಶಸ್ತ್ರಚಿಕಿತ್ಸೆಯ ಅಭ್ಯಾಸವಿರುವ ವೈದ್ಯರನ್ನೇ ಹುಡುಕಿ. ನಮ್ಮ ಭಾಗದವರು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲೂ ವಿಚಾರಿಸಬಹುದು.
* ಬಾಲ ಎತ್ತಿ, ಕಿವಿ ಹಿಂದಕ್ಕೆ ಮಡಚಿ ಸುತ್ತು ಹಾಕತೊಡಗಿದರೆ ಜಗಳ ಖಚಿತ. ನಡುವೆ ಬರಿಗೈ ಹಾಕಬೇಡಿ, ದಪ್ಪ ಟವೆಲ್ ಬಳಸಿ.
* ಅರ್ಧ ದಿನ ಏನೂ ತಿನ್ನದ ಮೊಲವನ್ನು ತಡಮಾಡದೆ ವೈದ್ಯರಿಗೆ ತೋರಿಸಿ.
* ಚೆನ್ನಾಗಿ ಸಾಕಿದ ಮೊಲ ಎಂಟು ಹತ್ತು ವರ್ಷ ಬದುಕುತ್ತದೆ. ಐದನೇ ತರಗತಿಯ ಮಗು ತಂದದ್ದು ಅವರು ಕಾಲೇಜಿಗೆ ಹೋದಾಗಲೂ ಮನೆಯಲ್ಲಿರುತ್ತದೆ. ತರುವ ಮುನ್ನ ಮನೆಯವರೆಲ್ಲ ಕೂತು ಮಾತಾಡಿ.